ದಡದಲ್ಲಿ ನಿಂತವರು, ದಡದಲ್ಲಿ ಅಡ್ಡಾಡಿದವರು

ಕಲೆಗೆ ವರ್ಗವಿಲ್ಲ, ನಿಸರ್ಗಕ್ಕಂತೂ ಇಲ್ಲವೇ ಇಲ್ಲ ಎಂದು ವಾದಿಸುವ ಮಿತ್ರರು ನಮ್ಮ ನಡುವೆ ಇನ್ನೂ ಇದ್ದಾರೆ. ಕಡಲ ಸಂಜೆಯ ಚಿತ್ರದಲ್ಲಿ ಯಾರ ಬೆವರು ಹುಡುಕ್ತೀರಿ ಅಂತ ನಗುತ್ತಾರೆ. ಇವರ ಜೊತೆ ನಾವು ಡೆನ್ಮಾರ್ಕ್ ದೇಶದ ಸ್ಕಾಗೆನ್ ಎಂಬ ಊರಿನ ಚಿತ್ರಗಳನ್ನು ಮುಂದಿಟ್ಟುಕೊಂಡು ಮಾತಾಡಬೇಕಾಗಿದೆ.

ಸ್ಕಾಗೆನ್ ಆ ದೇಶದ ಉತ್ತರದ ತುತ್ತತುದಿ. ಸ್ಕಾಗರಾಕ್, ಕಾಟೆಗಾಟ್ ಎಂಬ ಎರಡು ಕಡಲುಗಳು ಅಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಾರಿಬರುವ ಮರಳಿನ ಕಾಟಕ್ಕೆ ಊರಿನ ಚರ್ಚನ್ನೇ 1795ರಲ್ಲಿ ಮುಚ್ಚಬೇಕಾಯಿತು; ಇವತ್ತು ಮರಳಿನ ಮೇಲೆ ಉಳಿದಿರುವುದು ಗೋಪುರ ಮಾತ್ರ. 1890ರವರೆಗೆ ರೈಲಿಲ್ಲ, 1907ರವರೆಗೆ ಬಂದರಿಲ್ಲ. ಬಂದರಿಲ್ಲ ಅಂದರೆ ಏನರ್ಥ? ದೋಣಿಯನ್ನು ತೆರೆಗಳೊಳಕ್ಕೆ ನೂಕುವುದೂ, ಮತ್ತೆ ಮರಳಿಗೆ ಎಳೆದು ಹಾಕುವುದೂ ಮನುಷ್ಯರ ತೋಳಿನ ಕೆಲಸವೇ. ಇಂಥ ಊರಿಗೆ 1870ರ ದಶಕದಿಂದ ಪೇಟೆಯ ಚಿತ್ರಕಾರರು ಬರತೊಡಗಿದರು. ಅವರಿಗೆ ಬೇಕಾದದ್ದು ಅಲ್ಲಿನ ಬೆಳಕು, ಮತ್ತು ಇನ್ನೂ ಕೆಡದ ಜನ. ‘ಕೆಡದ ಜನ’ ಅನ್ನುವ ಮಾತು ಕೇಳಿದಾಗೆಲ್ಲ ನಮಗೆ ಅನುಮಾನ ಬರುತ್ತದೆ. ಬಡತನಕ್ಕೆ ಸುಸಂಸ್ಕೃತರು ಇಟ್ಟ ಇನ್ನೊಂದು ಹೆಸರು ಅದು.

1874ರಲ್ಲಿ ಬಂದ ಮೈಕೆಲ್ ಆಂಕರ್ ಅಲ್ಲಿಯೇ ನೆಲೆಸಿದ. ‘ಅವನು ತುದಿ ದಾಟುತ್ತಾನೆಯೆ?’ ಎಂಬ ಚಿತ್ರ ಅವನಿಗೆ ಹೆಸರು ತಂದಿತು. ಎಣ್ಣೆಬಟ್ಟೆ ತೊಟ್ಟ ಬೆಸ್ತರು ದಡದಲ್ಲಿ ಒತ್ತಾಗಿ ನಿಂತು ಕಡಲ ಕಡೆ ಕಣ್ಣು ನೆಟ್ಟಿದ್ದಾರೆ. ಅಪಾಯದಲ್ಲಿರುವ ದೋಣಿ ಚಿತ್ರದಲ್ಲೇ ಇಲ್ಲ. ಅದನ್ನು ನಾವು ಈ ಮುಖಗಳಲ್ಲಿ ಓದಿಕೊಳ್ಳಬೇಕು. ದೊಡ್ಡ ಚಿತ್ರ, ಒಪ್ಪಲೇಬೇಕು. ಅರಮನೆಯವರಿಗೆ ಮೀಸಲಾಗಿದ್ದ ಗಾತ್ರದಲ್ಲಿ, ಗಾಂಭೀರ್ಯದಲ್ಲಿ ದುಡಿಯುವವನನ್ನು ತಂದು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಅದನ್ನು ಕೊಂಡವನು ಯಾರು? ದೊರೆ ಒಂಬತ್ತನೆಯ ಕ್ರಿಶ್ಚಿಯನ್. ಬೆಸ್ತ ವೀರನಾಗಿದ್ದರೆ ಅರಮನೆಗೆ ಏನೂ ತೊಂದರೆಯಿಲ್ಲ ನೋಡಿ. ಸಾವಿಗೆ ಅಂಜದವನು ಅಂತ ಹೊಗಳಿಬಿಟ್ಟರೆ, ಇಷ್ಟು ಜನ ಸಾಯುವ ದಡಕ್ಕೆ ಒಂದು ಬಂದರು ಯಾಕಿಲ್ಲ ಎಂಬ ಪ್ರಶ್ನೆ ಏಳುವುದಿಲ್ಲ. ಲಾರ್ಸ್ ಕ್ರೂಸ್ ಎಂಬ ಬೆಸ್ತ ಒಡೆದ ಹಡಗುಗಳಿಂದ ಎಷ್ಟೋ ಜನರನ್ನು ಬದುಕಿಸಿದವನು, 1894ರಲ್ಲಿ ಅದೇ ಕಡಲಿಗೆ ಬಲಿಯಾದ. 1896ರಲ್ಲಿ ಆಂಕರ್ ಆ ಸಾವನ್ನು ಬರೆದ. ಬಂದರು ಬಂದದ್ದು ಅದಾಗಿ ಹನ್ನೊಂದು ವರ್ಷಕ್ಕೆ.

1882ರಲ್ಲಿ ಬಂದ ಕ್ರೋಯರ್ ಇವನಿಗಿಂತ ಚತುರ. ಮೊದಮೊದಲು ಅವನೂ ಬಲೆ ಎಳೆಯುವ ಬೆಸ್ತರನ್ನು ಬರೆದ. ಆಮೇಲೆ? 1888ರಲ್ಲಿ ಮುಗಿಸಿದ ‘ಹಿಪ್ ಹಿಪ್ ಹುರ್ರೇ’ಯಲ್ಲಿ ಕಲಾವಿದರೇ ತೋಟದಲ್ಲಿ ಲೋಟ ಎತ್ತಿ ಕುಡಿಯುತ್ತಿದ್ದಾರೆ. 1893ರ ‘ಸ್ಕಾಗೆನ್ನಿನ ದಕ್ಷಿಣ ದಡದಲ್ಲಿ ಬೇಸಿಗೆಯ ಸಂಜೆ’ ಇಡೀ ಜಗತ್ತಿಗೆ ಗೊತ್ತಿರುವ ಚಿತ್ರ. ನೀಲಿ ಸಂಜೆ, ನುಣ್ಣನೆ ಮರಳು, ತಿಳಿಬಣ್ಣದ ಉಡುಪಿನಲ್ಲಿ ಇಬ್ಬರು ಹೆಂಗಸರು ತೋಳು ಹಿಡಿದು ನಡೆಯುತ್ತಿದ್ದಾರೆ. ಎಷ್ಟು ಚೆಂದ! ಚೆಂದ ಅನ್ನಲು ನಮಗೇನೂ ಸಂಕೋಚವಿಲ್ಲ. ಆದರೆ ಹತ್ತು ವರ್ಷದ ಹಿಂದೆ ಇದೇ ಕೈ ಬರೆದ ದಡದಲ್ಲಿ ಬಲೆಯಿತ್ತು, ದುಡಿಮೆಯಿತ್ತು. ಅದನ್ನೆಲ್ಲ ಗುಡಿಸಿ ಹಾಕಿದ ಮೇಲೆ ಸಿಕ್ಕ ಚೆಂದ ಇದು. ನಡುವೆ ರೈಲು ಬಂದಿತ್ತು, ಅದರ ಜೊತೆಗೆ ರಜೆ ಕಳೆಯುವವರು ಬಂದರು. ಇನ್ನೂ ಒಂದು ಮಾತು. ಆ ಇಬ್ಬರು ಹೆಂಗಸರು ಅನ್ನಾ ಆಂಕರ್ ಮತ್ತು ಮಾರಿ ಕ್ರೋಯರ್. ಇಬ್ಬರೂ ಚಿತ್ರಕಾರರು! ಚಿತ್ರ ನೋಡಿದ ಯಾರಿಗಾದರೂ ಅದು ತಿಳಿಯುತ್ತದೆಯೆ? ಬೆಸ್ತನ ದುಡಿಮೆ ಅಳಿಸಿದ ಕುಂಚ ಹೆಣ್ಣಿನ ದುಡಿಮೆಯನ್ನೂ ಅಳಿಸಿತು.

ಈ ಅನ್ನಾಳ ಬಗ್ಗೆಯೇ ನಾವು ಹೇಳಬೇಕೆಂದದ್ದು. ಮೈಕೆಲನ ಹೆಂಡತಿ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದರು. ಆ ಗುಂಪಿನ ಹೆಸರಾಂತರಲ್ಲಿ ಸ್ಕಾಗೆನ್ನಿನಲ್ಲೇ ಹುಟ್ಟಿದವಳು ಇವಳೊಬ್ಬಳೇ, 1859ರಲ್ಲಿ. ಬೆಸ್ತರ ಮಗಳಲ್ಲ, ಅಂಗಡಿ ಮತ್ತು ವಸತಿಗೃಹ ನಡೆಸುತ್ತಿದ್ದ ಬ್ರೊಂಡುಮ್ ಮನೆಯವಳು. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಡೆನ್ಮಾರ್ಕಿನ ಕಲಾ ಅಕಾಡೆಮಿ 1888ರವರೆಗೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಖಾಸಗಿ ಶಾಲೆಯಲ್ಲಿ ಕಲಿಸಿದ ಗುರು ಕ್ಯೂನ್, ಮದುವೆಯಾಯಿತಲ್ಲ, ಬಣ್ಣದ ಪೆಟ್ಟಿಗೆ ಕಡಲಿಗೆ ಎಸೆ ಎಂದನಂತೆ. ಇವಳು ಎಸೆಯಲಿಲ್ಲ.

ಇವಳ ಚಿತ್ರಗಳಲ್ಲಿ ಕಡಲು ಕಾಣಿಸುವುದೇ ಕಡಿಮೆ. ಕಡಲೂರಿನವಳು ಕಡಲನ್ನೇ ಬರೆಯಲಿಲ್ಲವೆ ಎಂದು ಕೇಳುವವರು ದಡಕ್ಕೆ ರಜೆಯಲ್ಲಿ ಹೋಗುವವರು. ಅಲ್ಲಿ ಬಾಳುವವರಿಗೆ ಕಡಲು ಒಳಮನೆಯಲ್ಲೂ ಇರುತ್ತದೆ. ‘ಅಡುಗೆಮನೆಯ ಹುಡುಗಿ’ಯಲ್ಲಿ ಕೆಂಪು ಲಂಗದ ಆಳು ಹೆಣ್ಣೊಬ್ಬಳು ನಮಗೆ ಬೆನ್ನು ಮಾಡಿ ಕೆಲಸದಲ್ಲಿದ್ದಾಳೆ, ಹಳದಿ ಪರದೆಯಿಂದ ಬಿಸಿಲು ಸೋಸಿ ಬರುತ್ತಿದೆ. ಅವಳು ನಮಗಾಗಿ ತಿರುಗುವುದಿಲ್ಲ, ವೀರಳಾಗಿ ನಿಲ್ಲುವುದಿಲ್ಲ. ಕ್ರೋಯರನ ಸಂಜೆಯಲ್ಲಿ ತೇಲುವ ಬೆಳಕೇ ಇಲ್ಲಿ ಕೆಲಸದ ಮೇಲೆ ಬೀಳುತ್ತದೆ. ಕುರುಡಿ ಮುದುಕಿಯೊಬ್ಬಳು ತನ್ನ ಕೋಣೆಯಲ್ಲಿ ಕೂತದ್ದನ್ನು ಬರೆದಾಗಲೂ ಅಷ್ಟೆ, ಕನಿಕರದ ಸೋಗಿಲ್ಲ.

1883ರ ಇನ್ನೊಂದು ಚಿತ್ರವಿದೆ. ಕಡಲಹಕ್ಕಿ ಅಂದರೆ ಕವಿಗಳಿಗೆ ರೆಕ್ಕೆ, ಆಕಾಶ, ಸ್ವಾತಂತ್ರ್ಯ ಇತ್ಯಾದಿ. ಇಲ್ಲಿ ವಯಸ್ಸಾದ ಇಬ್ಬರು ಮನೆಯೊಳಗೆ ಕೂತು ಅದರ ಪುಕ್ಕ ಕೀಳುತ್ತಿದ್ದಾರೆ.