ಹಳೇ ನಾಯಿ ಗುರ್ ಎಂದರೆ ತಡೆಯಬೇಡಿ

ಮೊನ್ನೆ ನಡುರಾತ್ರಿ ಕೆಂಚ ಎದ್ದು ಜಗಲಿಯ ಅಂಚಿಗೆ ಹೋಗಿ ನಿಂತ. ಬೊಗಳಲಿಲ್ಲ. ಕಿವಿ ನೆಟ್ಟಗೆ ಮಾಡಿ, ಮೂಗನ್ನು ಗಾಳಿಗೆ ಎತ್ತಿ ಸುಮ್ಮನೆ ನಿಂತ. ಅವನ ಬೆನ್ನಿಗೇ ನಾಲ್ಕು ತಿಂಗಳ ಮಣಿ ಎದ್ದು ಹೋಗಿ ಅವನ ಹಿಂಗಾಲಿಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಿಗೆ ಮುಸುಕಿನ ಜೋಳದ ಹೊಲದ ಕಡೆಯಿಂದ ದಂಟು ಮುರಿಯುವ ಸದ್ದು ಕೇಳಿತು. ಆಗ ಕೆಂಚ ಬೊಗಳಲು ಶುರು ಮಾಡಿದ. ನಿಂತ ಜಾಗ ಬಿಡದೆ, ದಪ್ಪ ದನಿಯಲ್ಲಿ, ಬಿಟ್ಟು ಬಿಟ್ಟು ಬೊಗಳಿದ. ಆನೆ ಬಂದಿದೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಅದೇ ಗುರುತು. ಮರಿಯೂ ತನ್ನ ಎಳೆ ಗಂಟಲು ಸೇರಿಸಿತು. ಉತ್ಸಾಹ ಹೆಚ್ಚಾಗಿ ಹೊಲದ ಕಡೆ ಒಂದು ಹೆಜ್ಜೆ ಇಳಿಯಿತು. ಕೆಂಚ ಮುಖ ತಿರುಗಿಸಿ ಒಮ್ಮೆ ಗುರ್ ಎಂದ. ಮರಿ ಕಾಲು ಹಿಂದಕ್ಕೆ ತೆಗೆದುಕೊಂಡಿತು.

ನಾನು ಟಾರ್ಚ್ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಆ ಒಂದು ಗುರ್‌ನಲ್ಲಿ ಮರಿ ಕಲಿತದ್ದನ್ನು ನಾನು ಆರು ತಿಂಗಳು ಬಿಸ್ಕತ್ತು ಹಿಡಿದು ಕೂತಿದ್ದರೂ ಕಲಿಸಲಾಗುತ್ತಿರಲಿಲ್ಲ.

ತಾಳವಾಡಿ ಕಡೆ ನಾಯಿ ಸಾಕುವುದು ಎಂದರೆ ಬೇರೆಯೇ ಮಾತು. ದಿಂಬಂ ಘಾಟಿಯ 27 ತಿರುವು ಹತ್ತಿ, ಆಸನೂರು ದಾಟಿ ಬಂದರೆ ಸಿಗುವ ಈ ಬಯಲಿನ ಒಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಮಗ್ಗುಲಿಗೆ ಮೋಯಾರ್ ಕಣಿವೆ. ಸುತ್ತಲಿನ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು ಪ್ರದೇಶವಾಯಿತು. ಅದರ ಹರವು 1,400 ಚದರ ಕಿಲೋಮೀಟರಿಗೂ ಹೆಚ್ಚು. ಕಾಡಂಚಿನ ಮನೆಗಳಲ್ಲಿ ನಾಯಿ ಎಂದರೆ ಕಿವಿ ಮತ್ತು ಮೂಗು. ಯಾವುದಕ್ಕೆ ಬೊಗಳಬೇಕು, ಯಾವುದಕ್ಕೆ ಬಾಯಿ ಮುಚ್ಚಿಕೊಂಡು ಒಳಗೆ ಬರಬೇಕು ಎಂಬುದು ಅದಕ್ಕೆ ತಿಳಿದಿರಬೇಕು. ತಿಳಿಯದ ನಾಯಿ ಹೆಚ್ಚು ದಿನ ಬಾಳುವುದಿಲ್ಲ.

ಮಣಿ ನಮ್ಮ ಮನೆಗೆ ಬಂದದ್ದು ದೀಪಾವಳಿ ಮುಗಿದ ಮೇಲೆ, ಗುಮ್ಮಟಾಪುರದ ಗೊರೆ ಹಬ್ಬದ ಹೊತ್ತಿಗೆ. ಊರಿಗೆ ಊರೇ ಬೀರೇಶ್ವರನ ಗುಡಿಯ ಮುಂದೆ ಸಗಣಿ ಎರಚಾಡಿಕೊಂಡು ನಗುತ್ತಿದ್ದಾಗ, ಹಬ್ಬ ನೋಡಲು ಹೋದ ನನ್ನ ಕೈಗೆ ಪರಿಚಯದವರೊಬ್ಬರು ಮರಿಯನ್ನು ಇಟ್ಟರು. ಎಂಟು ವಾರ ತುಂಬಿತ್ತು. ಅದನ್ನು ಮೊದಲೇ ಕೇಳಿಕೊಂಡಿದ್ದೆ. ನಮ್ಮ ಹಳ್ಳಿಗಳಲ್ಲಿ ಕಣ್ಣು ಬಿಟ್ಟು ಎರಡು ವಾರವಾಗುವಷ್ಟರಲ್ಲಿ ಮರಿಗಳನ್ನು ಹಂಚಿಬಿಡುತ್ತಾರೆ. ಅದು ದೊಡ್ಡ ತಪ್ಪು. ಹಾಲು ಹಲ್ಲು 28, ಒಂದೊಂದೂ ಸೂಜಿ. ಆ ಸೂಜಿಯನ್ನು ಎಷ್ಟು ಒತ್ತಿದರೆ ಆಟ, ಎಷ್ಟು ಒತ್ತಿದರೆ ನೋವು ಎಂಬ ಲೆಕ್ಕವನ್ನು ಮರಿ ಕಲಿಯುವುದು ತಾಯಿಯ ಕೆಚ್ಚಲಲ್ಲಿ, ಒಡಹುಟ್ಟಿದ ಮರಿಗಳ ಕಿವಿಯಲ್ಲಿ. ಎಂಟು ವಾರ ತಾಯಿಯ ಜೊತೆ ಬಿಟ್ಟರೆ ಅರ್ಧ ಪಾಠ ಅಲ್ಲೇ ಮುಗಿದಿರುತ್ತದೆ.

ಮನೆಯಲ್ಲಿ ಆಗಲೇ ಎರಡು ನಾಯಿ. ಕೆಂಚನಿಗೆ ಒಂಬತ್ತು ವರ್ಷ, ಜೂಲಿಗೆ ಆರು. ಮರಿಯನ್ನು ನೇರ ಜಗಲಿಗೆ ಒಯ್ಯಲಿಲ್ಲ. ಜಗಲಿ ಅವರದ್ದು. ಕೊಟ್ಟಿಗೆಯ ಆಚೆ, ಯಾರದ್ದೂ ಅಲ್ಲದ ಖಾಲಿ ಹೊಲದಲ್ಲಿ ಮರಿಯನ್ನು ನೆಲಕ್ಕೆ ಬಿಟ್ಟು, ಒಂದೊಂದೇ ನಾಯಿಯನ್ನು ಕರೆದೆ. ಹಗ್ಗ ಹಾಕಿದ್ದೆ, ಆದರೆ ಸಡಿಲವಾಗಿ. ಹಗ್ಗ ಬಿಗಿದರೆ ನಾಯಿಯ ಮೈಯೂ ಬಿಗಿಯುತ್ತದೆ. ಜೂಲಿ ಮೂಸಿದಳು, ಮರಿ ಬೆನ್ನು ಕೆಳಗೆ ಮಾಡಿ ಹೊಟ್ಟೆ ತೋರಿಸಿತು, ಅಷ್ಟಕ್ಕೆ ಅವಳ ಕೆಲಸ ಮುಗಿಯಿತು. ಕೆಂಚ ಮೂಸಲೂ ಇಲ್ಲ. ಮುಖ ಆಚೆ ತಿರುಗಿಸಿ ಕೂತ. ಅದು ಸಿಟ್ಟಲ್ಲ. ನಾಯಿ ಮುಖ ತಿರುಗಿಸಿದರೆ ನನಗೆ ಜಗಳ ಬೇಡ ಎಂದು ಅರ್ಥ. ಆ ದಿನಕ್ಕೆ ಅಷ್ಟು ಸಾಕೆಂದು ಬಿಟ್ಟೆ.

ಮೂರನೇ ದಿನ ಗಲಾಟೆಯಾಯಿತು. ರಾಗಿ ಮುದ್ದೆಯನ್ನು ಮಾಂಸದ ಸಾರಿನಲ್ಲಿ ಕಿವುಚಿ ಕೆಂಚನ ತಟ್ಟೆಗೆ ಹಾಕಿದ್ದೆ. ಮರಿ ತನ್ನ ಪಾಲು ಬಿಟ್ಟು ಓಡಿ ಬಂತು. ಮೊದಲು ಕೆಂಚ ತಿನ್ನುವುದನ್ನು ನಿಲ್ಲಿಸಿದ. ತಲೆ ತಟ್ಟೆಯ ಮೇಲೇ ಇತ್ತು, ಮೈ ಕಲ್ಲಾಯಿತು. ಮರಿಗೆ ಅದು ಓದಲು ಬರಲಿಲ್ಲ. ಆಮೇಲೆ ಕಣ್ಣಿನ ಬಿಳಿ ಕಂಡಿತು. ಆಮೇಲೆ ಮೇಲ್ತುಟಿಯ ಒಂದು ಬದಿ ಎದ್ದಿತು. ಮರಿ ಇನ್ನೂ ಒಂದು ಹೆಜ್ಜೆ ಮುಂದೆ ಬಂತು. ಆಗ ಗಂಟಲ ಒಳಗಿನಿಂದ ಗುರ್ ಬಂತು. ಅದಕ್ಕೂ ಬಗ್ಗದೆ ತಟ್ಟೆಗೆ ಮೂಗು ಹಾಕಿದಾಗ ಕೆಂಚ ಬಾಯಿ ತೆರೆದು ಗಾಳಿಯನ್ನು ಕಚ್ಚಿದ. ಹಲ್ಲು ಮರಿಗೆ ತಾಗಲಿಲ್ಲ. ಆದರೂ ಮರಿ ಕೊಂದರೋ ಎಂಬಂತೆ ಕಿರುಚಿಕೊಂಡು ನನ್ನ ಕಾಲಿನ ಹಿಂದೆ ಬಂದು ಕೂತಿತು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಪಕ್ಕದ ಹೊಲದ ಅಜ್ಜ ಎಲೆಅಡಿಕೆ ಹಾಕಿಕೊಂಡು ಜಗಲಿಯಲ್ಲೇ ಕೂತಿದ್ದರು.

"ನೀನ್ಯಾಕ ನಡುವ ಓದೈ, ಬುಡಪ್ಪ. ಅವೇ ನೋಡ್ಕತವ" ಎಂದರು.

ಕೈ ಇಳಿಸಿದೆ.

ಅಜ್ಜನ ಮಾತು ನನಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಕೇಳಿದ್ದರೆ ಒಂದು ಜೀವ ಉಳಿಯುತ್ತಿತ್ತು. ಆಗ ನಮ್ಮಲ್ಲಿ ಇದ್ದದ್ದು ಕರಿಯ ಎಂಬ ಮುದಿ ನಾಯಿ, ಮತ್ತು ನಾನು ಬಹಳ ಮುದ್ದು ಮಾಡಿದ್ದ ಒಂದು ಮರಿ. ಕರಿಯ ಗುರ್ ಎಂದಾಗಲೆಲ್ಲ ಅವನಿಗೆ ಗದರಿದೆ. ಒಂದೆರಡು ಸಲ ಕಟ್ಟಿಹಾಕಿದೆ. ಅವನು ಗುರ್ ಎನ್ನುವುದನ್ನೇ ಬಿಟ್ಟ. ಮನೆಯಲ್ಲಿ ಶಾಂತಿ ಬಂತೆಂದು ನಾನು ಸಂತೋಷಪಟ್ಟೆ. ಮರಿಗೆ ಮಾತ್ರ ಬೇಡ ಎಂಬ ಮಾತು ಯಾರಿಂದಲೂ ಕೇಳಿ ಗೊತ್ತಾಗಲಿಲ್ಲ. ಹತ್ತು ತಿಂಗಳಿಗೆ ಅದು ಕತ್ತಲಲ್ಲಿ ಏನು ಅಲುಗಿದರೂ ಹಾರಿ ಓಡುವ ನಾಯಿಯಾಯಿತು. ಕರಿಯ ಜಗಲಿಯಲ್ಲಿ ಕೂತು ನೋಡುತ್ತಿದ್ದನೇ ಹೊರತು ತಡೆಯುತ್ತಿರಲಿಲ್ಲ. ಒಂದು ಮಾಗಿಯ ರಾತ್ರಿ ಹೀಗೆಯೇ ಬೇಲಿಯಾಚೆ ಓಡಿದ್ದು ವಾಪಸು ಬರಲಿಲ್ಲ. ಬೆಳಿಗ್ಗೆ ಕಂದಕದ ಅಂಚಿನಲ್ಲಿ ಚಿರತೆಯ ಹೆಜ್ಜೆ ಇತ್ತು. ಕರಿಯನ ಬಾಯಿ ಮುಚ್ಚಿಸಿದವನು ನಾನು. ಅದನ್ನು ಮರೆಯಲಾಗಿಲ್ಲ.

ಚಿರತೆಗೆ ನಾಯಿ ಅಪರೂಪದ ಊಟವಲ್ಲ. ಮಹಾರಾಷ್ಟ್ರದ ಅಕೋಲೆಯ ಹೊಲಗದ್ದೆಗಳ ನಡುವೆ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ, ಅವು ತಿಂದ ಮಾಂಸದಲ್ಲಿ ತೂಕದ ಲೆಕ್ಕಕ್ಕೆ ಶೇಕಡಾ 39 ಸಾಕುನಾಯಿಯದ್ದೇ ಇತ್ತು. ಹಿಮಾಲಯದ ಕುರಿಗಾಹಿಗಳು ತಮ್ಮ ನಾಯಿಗಳ ಕುತ್ತಿಗೆಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕುವುದು ಇದಕ್ಕೇ. ನಮ್ಮಲ್ಲಿ ಆ ರೂಢಿ ಕಡಿಮೆ. ನಮ್ಮ ನಾಯಿಗಿರುವ ರಕ್ಷಣೆ ರಾತ್ರಿ ಹೊತ್ತು ಬಾಗಿಲಿರುವ ಕೊಟ್ಟಿಗೆ, ಮತ್ತು ಹಿರಿಯ ನಾಯಿಯ ಬುದ್ಧಿ. ಚಿರತೆ ಹತ್ತಿರ ಬಂದಾಗ ಕೆಂಚ ಬೊಗಳುವುದಿಲ್ಲ. ಕೂದಲು ನಿಮಿರಿಸಿ, ಬಾಲ ಒಳಗೆಳೆದು, ಹಿಂದೆ ಹಿಂದೆ ಸರಿದು ಬಾಗಿಲು ಕೆರೆಯುತ್ತಾನೆ. ಮಣಿ ಈಗ ಅದನ್ನೂ ನೋಡಿ ಕಲಿತಿದೆ.

ಆನೆಯ ವಿಷಯ ಇನ್ನೂ ಕಷ್ಟ. 2023ರ ಏಪ್ರಿಲ್‌ನಲ್ಲಿ ಅರಣ್ಯ ಇಲಾಖೆಯವರು ಅರಿವಳಿಕೆ ಕೊಟ್ಟು ಹಿಡಿದು ಸಾಗಿಸಿದ ಕರುಪ್ಪನ್ ಆನೆಯ ಕಾಟ ಈ ಭಾಗದ ರೈತರಿಗೆಲ್ಲ ನೆನಪಿದೆ. ಆನೆಯ ಕಾಲಿಗೆ ನುಗ್ಗಿ ಬೊಗಳುವ ನಾಯಿ ಧೈರ್ಯದ ನಾಯಿಯಂತೆ ಕಾಣುತ್ತದೆ. ಆದರೆ ಆನೆ ತಿರುಗಿ ಬಿದ್ದರೆ ಅದು ಓಡಿ ಬರುವುದು ಯಜಮಾನನ ಕಾಲಬುಡಕ್ಕೇ. ಅದರ ಹಿಂದೆ ಆನೆ. ಕಾವಲು ಕೂತವನ ಜೀವಕ್ಕೆ ಇಂಥ ನಾಯಿ ಅಪಾಯ. ದೂರದಲ್ಲಿ ನಿಂತು ಸುದ್ದಿ ಕೊಡುವ ನಾಯಿಯೇ ನಮಗೆ ಬೇಕು. ನಿಂತು ಬೊಗಳುವುದನ್ನು ಮನುಷ್ಯರು ಕಲಿಸಿದ್ದನ್ನು ನಾನು ನೋಡಿಲ್ಲ. ನಿಂತು ಬೊಗಳುವ ನಾಯಿಯ ಪಕ್ಕದಲ್ಲಿ ಬೆಳೆದರೆ ಮರಿಗೆ ಬರುತ್ತದೆ.

ಇದೇ ಕಾರಣಕ್ಕೆ, ಯಾವ ತಳಿ ತರಲಿ ಎಂದು ಕೇಳುವವರಿಗೆ ನನ್ನ ಉತ್ತರ ನಾಟಿ ನಾಯಿ ಎಂದೇ. ಮುಧೋಳ ನಾಯಿಯ ಮೇಲೆ ನನಗೆ ಬಹಳ ಅಭಿಮಾನ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂದಾಗ ಕೊಂಡು ಇಟ್ಟುಕೊಂಡವನು ನಾನು. ಆದರೆ ಅದು ಉತ್ತರ ಕರ್ನಾಟಕದ ಬಯಲಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲು ಹುಟ್ಟಿದ ತಳಿ. ಇಲ್ಲಿ ಬೆನ್ನಟ್ಟಿದ ನಾಯಿ ಉಳಿಯುವುದಿಲ್ಲ. ಕಾಡಂಚಿನ ಮನೆಯಲ್ಲಿ ಐದಾರು ವರ್ಷ ಬದುಕಿದ ತಾಯಿಯ ಮರಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ತಳಿ ನನಗೆ ಗೊತ್ತಿಲ್ಲ.

ಬೆಳೆದು ನಿಂತ ನಾಯಿಯ ಬೆಲೆ ನಮ್ಮ ಹಿಂದಿನವರಿಗೆ ಗೊತ್ತಿತ್ತು. ಮದ್ದೂರಿನ ಹತ್ತಿರದ ಆತಕೂರಿನ ಶಾಸನ ಸುಮಾರು 949-50ರದು. ತಕ್ಕೋಲದ ಯುದ್ಧದಲ್ಲಿ ಗೆದ್ದು ಬಂದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿ ಎರಡೂ ಒಂದನ್ನೊಂದು ಹಿಡಿದುಕೊಂಡಿರುವ ಆ ಕೆತ್ತನೆಯ ಮುಂದೆ ಒಮ್ಮೆಯಾದರೂ ನಿಂತು ಬನ್ನಿ.

ಇನ್ನು ದಿನನಿತ್ಯದ ಮಾತು. ಊಟ ಯಾವಾಗಲೂ ಹಿರಿಯರಿಗೆ ಮೊದಲು, ಮರಿಗೆ ಕಡೆಯಲ್ಲಿ. ತಟ್ಟೆಗಳು ದೂರ ದೂರ. ಮರಿಗೆ ದಿನಕ್ಕೆ ನಾಲ್ಕು ಹೊತ್ತು ಬೇಕು, ಹಿರಿಯರಿಗೆ ಎರಡು. ಹೆಚ್ಚಿನ ಎರಡು ಹೊತ್ತನ್ನು ಅವರ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಯಾವ ನಾಯಿಗೂ ಬೇಡ. ಅದು ನಾಯಿಯ ರಕ್ತಕ್ಕೆ ವಿಷ. ಮುದ್ದೆಗೆ ಬೇಯಿಸಿದ ಮೊಟ್ಟೆ, ಮಾಂಸ ಬೇಯಿಸಿದ ನೀರು ಸಾಕು. ಹಿರಿಯ ನಾಯಿಗೆ ಮರಿಯ ಕೈಗೆ ಸಿಗದ ಒಂದು ಎತ್ತರದ ಜಾಗ ಇರಲೇಬೇಕು. ಕೆಂಚನಿಗೆ ಅದು ಹಳೆಯ ಗಾಡಿಯ ಮೂಕಿ ಇಟ್ಟಿರುವ ಕಟ್ಟೆ. ಮರಿಯ ಕಾಟ ಸಾಕಾದಾಗ ಅಲ್ಲಿ ಹೋಗಿ ಮಲಗುತ್ತಾನೆ. ಮತ್ತೆ ಅವನೊಬ್ಬನನ್ನೇ ದಿನಕ್ಕೊಮ್ಮೆ ಹೊಲದ ಸುತ್ತ ಕರೆದುಕೊಂಡು ಹೋಗುತ್ತೇನೆ. ಮರಿ ಬಂದ ಮೇಲೆ ಯಜಮಾನ ತನ್ನನ್ನು ಮರೆತ ಎಂದು ಅವನಿಗೆ ಅನ್ನಿಸಬಾರದು.

ಗುರ್ ಎಲ್ಲವೂ ಪಾಠವೇ ಎಂದಲ್ಲ. ಹಿರಿಯ ನಾಯಿ ಮರಿಯನ್ನು ಕಚ್ಚಿ ಬಿಡದೆ ಅಲ್ಲಾಡಿಸಿದರೆ, ಮೂಲೆಗೆ ಹೋಗಿ ಕೂತ ಮರಿಯನ್ನೂ ಹುಡುಕಿಕೊಂಡು ಹೋದರೆ, ರಕ್ತ ಬಂದರೆ, ಆಗ ಕೂಡಲೇ ಬಿಡಿಸಿ, ಕೆಲವು ದಿನ ಬೇರೆ ಬೇರೆ ಇಡಿ. ಕೈ ಹಾಕಿ ಬಿಡಿಸಬೇಡಿ, ನೀರು ಎರಚಿ. ಗಾಳಿ ಕಚ್ಚಿ ಸುಮ್ಮನಾಗುವ ನಾಯಿಯನ್ನು ಮಾತ್ರ ಅದರ ಪಾಡಿಗೆ ಬಿಡಿ. ಮರಿ ಎಂಬ ಸಲಿಗೆ ಸುಮಾರು ನಾಲ್ಕೈದು ತಿಂಗಳವರೆಗೆ ನಡೆಯುತ್ತದೆ. ಹಾಲು ಹಲ್ಲು ಬಿದ್ದು ದೊಡ್ಡ ಹಲ್ಲು ಬರುವ ಹೊತ್ತಿಗೆ ಹಿರಿಯರು ಬಿಗಿಯಾಗುತ್ತಾರೆ. ಮಣಿಗೆ ಆ ಕಾಲ ಬರುತ್ತಿದೆ.

ಲಸಿಕೆಯನ್ನು ಮುಂದಕ್ಕೆ ಹಾಕಬೇಡಿ. ಜಂತುವಿನ ಔಷಧಿ ಎರಡನೇ ವಾರದಿಂದಲೇ, ಪಾರ್ವೊ ಮತ್ತು ಡಿಸ್ಟೆಂಪರ್ ತಡೆಯುವ ಚುಚ್ಚುಮದ್ದು ಆರರಿಂದ ಎಂಟನೇ ವಾರದಲ್ಲಿ ಶುರು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ್ದು, ಮತ್ತೆ ವರ್ಷ ವರ್ಷ. ಕಾಡಂಚಿನಲ್ಲಿ ಇದು ನಮ್ಮ ನಾಯಿಯೊಂದರ ಮಾತಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್‌ನಿಂದ ಸುಮಾರು ಸಾವಿರ ಸಿಂಹಗಳು ಸತ್ತವು. ಸುತ್ತಲ ಹಳ್ಳಿಯ ನಾಯಿಗಳಲ್ಲಿ ಆ ರೋಗ ಇತ್ತು. ನಮ್ಮ ಬೇಲಿಯ ಆಚೆ ಹುಲಿಯಿದೆ, ಸೀಳುನಾಯಿಯಿದೆ.

ಮರಿಯ ಮನಸ್ಸು ಅತಿ ಮೆತ್ತಗಿರುವ ಕಾಲ ಮೂರರಿಂದ ಹನ್ನೆರಡನೇ ವಾರ ಎಂದು ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ವರ್ಷಗಟ್ಟಲೆ ನಾಯಿಗಳನ್ನು ನೋಡಿ 1965ರಲ್ಲಿ ಬರೆದರು. ಎಂಟನೇ ವಾರಕ್ಕೆ ಮನೆಗೆ ಬಂದ ಮರಿಗೆ ಆ ಕಾಲದಲ್ಲಿ ಉಳಿಯುವುದು ನಾಲ್ಕೇ ವಾರ. ಮಣಿಯ ಆ ನಾಲ್ಕು ವಾರ ಕೆಂಚ ಮತ್ತು ಜೂಲಿಯ ನಡುವೆ ಕಳೆಯಿತು.

ಓದುಗರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಮುದಿ ನಾಯಿ ಸತ್ತ ಮೇಲೆ, ಮನೆ ಬಿಕೋ ಎನ್ನುತ್ತದೆ ಎಂದು ಮರಿ ತರುವವರೇ ನಮ್ಮಲ್ಲಿ ಹೆಚ್ಚು. ಹಾಗೆ ಮಾಡಬೇಡಿ. ನಿಮ್ಮ ನಾಯಿಗೆ ಏಳೆಂಟು ವರ್ಷವಾಗಿ, ಕಿವಿ ಇನ್ನೂ ಚುರುಕಾಗಿ, ಹಲ್ಲು ಗಟ್ಟಿಯಾಗಿ ಇರುವಾಗಲೇ ಮರಿ ತನ್ನಿ. ಕೆಂಚನ ಎಡಗಿವಿ ಈಚೆಗೆ ಮಂದವಾಗಿದೆ. ಇನ್ನೊಂದು ವರ್ಷ ತಡ ಮಾಡಿದ್ದರೆ ಮಣಿಗೆ ಆ ರಾತ್ರಿಯ ಗುರ್ ಸಿಗುತ್ತಿರಲಿಲ್ಲ.