ವಿಗ್ರಹದ ಕಣ್ಣು

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವ ಎಂಬ ಊರಿನಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ದಾಳಗಳನ್ನುರುಳಿಸುತ್ತ, ಮಾತಿನಿಂದಲೇ ಸಾಹಸಕಥೆಯನ್ನು ಕಟ್ಟುವ ವಿನೋದವಿದು. ಇದರ ಹಳೆಯ ಗ್ರಂಥಗಳಲ್ಲಿನ ಚಿತ್ರಗಳನ್ನು ಒರಟೆಂದು ಹಳಿಯುವವರುಂಟು. ರೇಖೆಗಳು ಅಲ್ಲಲ್ಲಿ ಬಿರುಸಾಗಿವೆಯೆಂಬುದು ದಿಟ. ಆದರೆ ಅಷ್ಟರಿಂದಲೇ ಗುಣನಿರ್ಣಯವಾಗದು.

1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಗ್ರಂಥಕ್ಕೆ ಡೇವಿಡ್ ಟ್ರ್ಯಾಂಪಿಯರ್ ಬರೆದ ಮುಖಚಿತ್ರವನ್ನು ನೋಡಬೇಕು. ನಡುವೆ ರಾಕ್ಷಸಾಕಾರದ ಮಹಾವಿಗ್ರಹ. ಇಬ್ಬರು ಕಳ್ಳರು ಮೇಲೇರಿ ಅದರ ಕಣ್ಣಿನ ರತ್ನವನ್ನು ಮೀಟುತ್ತಿದ್ದಾರೆ. ಕೆಳಗೆ ಹಲ್ಲಿಮೋರೆಯ ಶತ್ರುಗಳು ಸತ್ತು ಬಿದ್ದಿದ್ದಾರೆ. ಗೆದ್ದವರು ಮುಂದಿನ ಕಾರ್ಯವನ್ನು ಆಲೋಚಿಸುತ್ತಿದ್ದಾರೆ. ಚಿತ್ರಕಾರನು ಯುದ್ಧವನ್ನು ಬರೆಯಲಿಲ್ಲ, ಯುದ್ಧ ಮುಗಿದ ಗಳಿಗೆಯನ್ನು ಬರೆದನು. ವಾಚ್ಯವು ವ್ಯಂಗ್ಯಕ್ಕೆ ಅಧೀನವಾದೆಡೆಯೇ ಧ್ವನಿಯೆಂದು ಆನಂದವರ್ಧನನು ಸಾರಿದನಷ್ಟೆ. ಇಲ್ಲಿ ನಡೆದುಹೋದ ಕಾಳಗವೂ ಬರಲಿರುವ ವಿಪತ್ತೂ ಎರಡೂ ಧ್ವನಿತವಾಗಿವೆ.

1983ರ ಆವೃತ್ತಿಗೆ ಲ್ಯಾರಿ ಎಲ್ಮೋರ್ ಬರೆದ ಮುಖಚಿತ್ರದಲ್ಲಿ ಒಬ್ಬ ವೀರನು ರೆಕ್ಕೆಯುಳ್ಳ ಕೆಂಪು ಮಹೋರಗವನ್ನು ಎದುರಿಸುತ್ತಾನೆ. ವರ್ಣಕೌಶಲದಲ್ಲಿ ಅದು ಮೇಲು, ಕಣ್ಣು ತಣಿಯುತ್ತದೆ. ಆದರೆ ಅಲ್ಲಿ ನಾಯಕನು ಆಗಲೇ ನಿಶ್ಚಿತನಾಗಿದ್ದಾನೆ. ನಾವು ಪ್ರೇಕ್ಷಕರು ಮಾತ್ರ. ಟ್ರ್ಯಾಂಪಿಯರನ ಚಿತ್ರದಲ್ಲಿ ನಾಯಕನೇ ಇಲ್ಲ. ಆ ಸ್ಥಾನವು ಆಡುವವನಿಗಾಗಿ ತೆರವಾಗಿದೆ. ಕಥೆಯನ್ನು ತಾನೇ ಹೇಳಬೇಕಾದವನಿಗೆ ಇದಕ್ಕಿಂತ ಉಚಿತವಾದ ಆಹ್ವಾನವುಂಟೆ? ಔಚಿತ್ಯವರಿತ ಒರಟು ರೇಖೆಯು ಔಚಿತ್ಯವರಿಯದ ನಯಕ್ಕಿಂತ ಶ್ರೇಷ್ಠ. ರತ್ನವನ್ನು ಕಿತ್ತೊಡನೆ ವಿಗ್ರಹವು ಎಚ್ಚರುವುದೋ ಎಂಬ ಶಂಕೆಯನ್ನು ಆ ಚಿತ್ರವು ಇಂದಿಗೂ ನೋಡುವವರ ಮನಸ್ಸಿನಲ್ಲಿ ಹುಟ್ಟಿಸುತ್ತಿದೆ.