ಮೊದಲು ಯಾವ ಪುಸ್ತಕ ಅಂತ ಕೇಳ್ರಿ: ಗಡಿಯ ಕನ್ನಡ ಶಾಲೆ ಮತ್ತು ಡಿಜಿಟಲ್ ಕಲಿಕೆ

ಜತ್ತ, ಅಕ್ಕಲಕೋಟ ಕಡೆಯ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯನ್ನು ಮುಂದಿಟ್ಟುಕೊಂಡು ನಾನು ಒಂದೇ ಮಾತು ಹೇಳ್ತೀನಿ. ಕಲಿಕೆಯ ಆ್ಯಪ್ ಮಾಡುವವರು ಬಹಳಷ್ಟು ಸಲ ಭಾಷೆ ಅಂದ್ರೆ ರಾಜ್ಯ ಅಂತ ತಿಳಿದುಬಿಡ್ತಾರೆ. ಗಡಿಯ ಮಕ್ಕಳ ತೊಂದರೆ ಅಲ್ಲಿಂದಲೇ ಶುರು.

ಇಲ್ಲಿಯ ಮಕ್ಕಳ ಕೈಯಲ್ಲಿರುವುದು ಪುಣೆಯ ಬಾಲಭಾರತಿಯ ಕನ್ನಡ ಪುಸ್ತಕ, ಬೆಂಗಳೂರಿನದಲ್ಲ. 2018ರಲ್ಲಿ ಬಂದ ಮಹಾರಾಷ್ಟ್ರದ ಹತ್ತನೆಯ ತರಗತಿಯ ವಿಜ್ಞಾನ ಭಾಗ 1 ತೆಗೆದು ನೋಡ್ರಿ, ಮೊದಲ ಪಾಠವೇ ಗುರುತ್ವಾಕರ್ಷಣೆ. ಎನ್‌ಸಿಇಆರ್‌ಟಿ ಪಠ್ಯ ಅನುಸರಿಸುವ ಕರ್ನಾಟಕದಲ್ಲಿ ಅದು ಒಂಬತ್ತನೆಯ ತರಗತಿಯ ಪಾಠ. ಅದರಲ್ಲಿ ವಿಮೋಚನಾ ವೇಗ ಬರುವುದಿಲ್ಲ, ಮಹಾರಾಷ್ಟ್ರದ ಪಾಠದಲ್ಲಿ ಬರ್ತದ. ಕರ್ನಾಟಕದ ವಿಡಿಯೊ ನೋಡಿದರೆ ಮಾತು ತಿಳಿತದ, ಪಾಠ ಅರ್ಧಕ್ಕೆ ನಿಲ್ತದ. ಮರಾಠಿ ವಿಡಿಯೊದಲ್ಲಿ ಪಾಠ ಪೂರ್ತಿ ಇದೆ, ಆದರೆ ಅಲ್ಲಿ ಕೇಳುವ ಶಬ್ದ 'ಮುಕ್ತಿವೇಗ'.

2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆ ಬೋರ್ಡ್, ಮಾಧ್ಯಮ, ತರಗತಿಗಳನ್ನು ಬೇರೆಬೇರೆಯಾಗಿ ಕೇಳುತ್ತದೆ. ಇದು ಸರಿಯಾದ ಹೆಜ್ಜೆ. ಕನ್ನಡ ಮಾಧ್ಯಮ ಕರ್ನಾಟಕದ ಬೋರ್ಡಿಗೆ ಮಾತ್ರ ಸೇರಿದ್ದಲ್ಲ ಅನ್ನೋದಕ್ಕೆ ಇದರಲ್ಲಿ ಜಾಗ ಇದೆ. ಆದರೆ ಬೋರ್ಡ್ ಮೊದಲ ಗೋಡೆ ಆದಾಗ, ಆಚೆಗಿರುವ ಒಳ್ಳೆಯ ಕನ್ನಡ ಪಾಠ ಈಚೆಯ ಮಗುವಿಗೆ ತಾನಾಗಿ ಕಾಣುವುದಿಲ್ಲ. ಪಾಠವನ್ನು ಬೋರ್ಡಿಗೆ ಕಟ್ಟುವ ಬದಲು ಪರಿಕಲ್ಪನೆಗೆ ಕಟ್ಟಬೇಕು ಅಂತ ನನ್ನ ವಾದ. ಆಗ ಒಂಬತ್ತನೆಯದರ ಕನ್ನಡ ವಿಡಿಯೊ ಹತ್ತನೆಯದರ ಪಾಠಕ್ಕೆ ಬುನಾದಿ ಆಗ್ತದ, ಉಳಿದಷ್ಟನ್ನೇ ಹೊಸದಾಗಿ ಮಾಡಿದರೆ ಸಾಕು.

ನನ್ನ ತಪ್ಪನ್ನೂ ಹೇಳಬೇಕು. ನಾನೇ ಒಂದು ರಸಪ್ರಶ್ನೆ ಆ್ಯಪ್ ಮಾಡಿ ಶಾಲೆಯೊಂದಕ್ಕೆ ಒಯ್ದಿದ್ದೆ. ಬಣ್ಣ, ಅಂಕ, ಚಪ್ಪಾಳೆಯ ಸದ್ದು ಎಲ್ಲಾ ಇತ್ತು. ವಿಜ್ಞಾನದ ಬಾಯಾರು ಒಂದೇ ಪ್ರಶ್ನೆ ಕೇಳಿದರು: "ಇದರಾಗ ನಾ ಒಂದು ಶಬ್ದ ತಿದ್ದಲಿಕ್ಕೆ ಬರ್ತದೇನ್ರಿ?" ಬರುತ್ತಿರಲಿಲ್ಲ. ಆಮೇಲೆ ಅವರು ತಮ್ಮ ವಹಿಯ ಕೊನೆಯ ಪುಟ ತೋರಿಸಿದರು. ಅಲ್ಲಿ ಮೂರು ಸಾಲು ಹಾಕಿದ್ದರು: ನಮ್ಮ ಪುಸ್ತಕದ ಶಬ್ದ, ಕರ್ನಾಟಕದ ಶಬ್ದ, ಮರಾಠಿ ಶಬ್ದ. ಪ್ರತಿ ಪಾಠಕ್ಕೂ ರಾತ್ರಿ ಕೂತು ಬರೆದದ್ದು. ಆ ತರಗತಿಗೆ ನಿಜವಾಗಿ ಬೇಕಾದ ಸಾಧನ ಆಗಲೇ ಅವರ ಕೈಯಲ್ಲಿತ್ತು. ನಾನು ಅದನ್ನು ಕೇಳದೆ ನನ್ನದನ್ನು ಮಾಡಿದ್ದೆ.

ಹಾಗಾಗಿ ವಿನ್ಯಾಸ ಆ ಪುಟದಿಂದ ಶುರುವಾಗಲಿ. ಮೂರು ಶಬ್ದಗಳೂ ಒಟ್ಟಿಗೆ ಕಾಣಲಿ, ಯಾವುದನ್ನು ಹುಡುಕಿದರೂ ಅದೇ ಪಾಠ ಸಿಗಲಿ, ಶಿಕ್ಷಕರಿಗೆ ತಿದ್ದುವ, ತಮ್ಮ ದನಿ ಸೇರಿಸುವ ಅಧಿಕಾರ ಇರಲಿ. ನೆಟ್ ಇಲ್ಲದಿದ್ದರೂ ನಡೆಯಲಿ. ಮನೆಯ ಒಂದೇ ಫೋನು ಅಪ್ಪನ ಜೊತೆ ಹೊಲಕ್ಕೆ ಹೋಗಿ ಸಂಜೆ ಬರ್ತದ ಅನ್ನೋದು ನೆನಪಿರಲಿ.

ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. "ಕನ್ನಡದಾಗ ಏನೂ ಸಿಗೂದಿಲ್ಲ" ಅಂತ ಅನ್ನಿಸಿದ ದಿನ ತಾಯ್ತಂದೆ ಮಗುವಿನ ಮಾಧ್ಯಮ ಬದಲಿಸ್ತಾರೆ. ಆಗ ನಾವು ಕನ್ನಡದ ಮೇಲೆ ಅಭಿಮಾನ ಇಲ್ಲ ಅಂತ ಅವರನ್ನೇ ದೂರ್ತೀವಿ. ತಪ್ಪು ಸಾಧನದ್ದು, ಬೈಗುಳ ಮಾತ್ರ ಅವರಿಗೆ. ಇಷ್ಟು ಹೇಳಿ ಮುಗಿಸ್ತೀನಿ. ತಾಳವಾಡಿ, ಆದೋನಿ ಕಡೆಯ ಶಿಕ್ಷಕರ ವಹಿಯ ಕೊನೆಯ ಪುಟದಲ್ಲಿ ಏನಿದೆ ಅಂತ ಅಲ್ಲಿಯವರು ಹೇಳಿದರೆ ಚರ್ಚೆಗೆ ಉಪಯೋಗ ಆದೀತು.